ನವಿಲುತೀರ್ಥದ ದಡದಲ್ಲಿ ಮಾಡುವುದೇನು?

ಬಯಲುಸೀಮೆಯ ಜನರಿಗೆ ಸಮುದ್ರವೆಂದರೆ ಏನೋ ಒಂದು ಸೆಳೆತ. ಗೋವೆ, ಕಾರವಾರ, ಗೋಕರ್ಣ, ಮುರ್ಡೇಶ್ವರ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ಮಕ್ಕಳ ಕಣ್ಣುಗಳಷ್ಟೇ ಅಲ್ಲ, ಮುಪ್ಪಿನವರ ಕಣ್ಣುಗಳೂ ಅರಳುತ್ತವೆ. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಬೇಸಿಗೆಯ ದಿನಗಳಲ್ಲಿ ನಲ್ಲಿಯ ಮುಂದೆ ಕೊಡಗಳನ್ನು ಸಾಲಾಗಿ ಇಟ್ಟು ಕಾಯುವವರಿಗೆ, ಯಾರೂ ಕಾಯದ, ಯಾರೂ ಅಳೆಯದ ಅಷ್ಟೊಂದು ನೀರು ಒಂದೇ ಕಡೆ ಇರುವುದನ್ನು ಕಣ್ಣಾರೆ ಕಾಣಬೇಕೆನಿಸುವುದು ಸಹಜವೇ. ಕಡಲ ಮಗ್ಗುಲಲ್ಲಿ ಹುಟ್ಟಿ ಬೆಳೆದ ನನಗೆ ಈ ಸೆಳೆತ ತಿಳಿದದ್ದು ಇಲ್ಲಿಗೆ ಬಂದು ಕೆಲವು ಬೇಸಿಗೆಗಳನ್ನು ಕಳೆದ ಮೇಲೆಯೇ.

ನಮ್ಮ ಊರಿನಲ್ಲಿ ಸಮುದ್ರವನ್ನು ಯಾರೂ ನೋಡಲೆಂದು ಹೋಗುತ್ತಿರಲಿಲ್ಲ. ಅದು ಅಂಗಳದಾಚೆಗಿನ ಇನ್ನೊಂದು ಅಂಗಳವಾಗಿತ್ತು. ಮುಂಜಾನೆ ಅಲ್ಲಿ ಕೆಲಸವಿರುತ್ತಿತ್ತು. ದೋಣಿ ಎಳೆಯಬೇಕು, ಮೀನು ವಿಂಗಡಿಸಬೇಕು, ಬಲೆ ಹರವಬೇಕು. ಸಂಜೆ ಕೆಲಸ ಮುಗಿದ ದಡಕ್ಕೆ ಕೇರಿಯ ಜನರು ಒಬ್ಬೊಬ್ಬರಾಗಿ ಬಂದು, ಮಗುಚಿ ಹಾಕಿದ ದೋಣಿಗೆ ಒರಗಿ ಕೂರುತ್ತಿದ್ದರು. ಯಾರೋ ಹರಿದ ಬಲೆಯ ಕಣ್ಣು ಕೂಡಿಸುತ್ತಿದ್ದರು, ಯಾರೋ ವೀಳ್ಯ ಜಗಿಯುತ್ತಿದ್ದರು. ಹೆಚ್ಚಿನವರು ಏನನ್ನೂ ಮಾಡುತ್ತಿರಲಿಲ್ಲ. ಮಾತು ಬಂದರೆ ಮಾತು, ಇಲ್ಲವಾದರೆ ಇಲ್ಲ. ದೇವಾಲಯದ ಸಂಜೆಯ ಗಂಟೆ ಕೇಳಿದಾಗ ಎದ್ದು, ಬಟ್ಟೆಯ ಮರಳು ಕೊಡವಿಕೊಂಡು ಮನೆಗೆ ಹೋಗುತ್ತಿದ್ದರು. ಹೊರಗಿನಿಂದ ಬಂದ ನೆಂಟರು "ಇಲ್ಲಿ ಹೊತ್ತು ಕಳೆಯಲು ಏನಿದೆ?" ಎಂದು ಕೇಳಿದರೆ ನಮ್ಮ ಹಿರಿಯರಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸುತ್ತಿತ್ತು. ಹೊತ್ತು ತಾನಾಗಿಯೇ ಕಳೆಯುತ್ತದೆ. ಅದಕ್ಕೊಂದು ಸಾಧನ ಬೇಕೆ?

ಯಾಜಕನಾಗಿ ಈ ಭಾಗಕ್ಕೆ ಬಂದ ಮೇಲೆ ಧರ್ಮಕೇಂದ್ರದ ಕುಟುಂಬಗಳ ಜೊತೆ ಹಲವು ಬಾರಿ ಗೋವೆಯ ಪ್ರಯಾಣ ಮಾಡಿದ್ದೇನೆ. ಆ ಪ್ರಯಾಣಗಳ ಕ್ರಮ ನಿಮಗೂ ಗೊತ್ತು. ರಾತ್ರಿ ಹತ್ತಕ್ಕೆ ಬಸ್ಸು ಹೊರಡುತ್ತದೆ. ಘಟ್ಟದ ತಿರುವುಗಳಲ್ಲಿ ಅರ್ಧ ಬಸ್ಸು ವಾಂತಿ ಮಾಡಿಕೊಳ್ಳುತ್ತದೆ. ಬೆಳಗಾದರೆ ಹಳೆಯ ದೇವಾಲಯಗಳು, ಮಧ್ಯಾಹ್ನದೊಳಗೆ ಎರಡು ಕಡಲತೀರಗಳು, ಸಂಜೆಗೆ ಮೂರನೆಯದು, ನಡುವೆ ಅಂಗಡಿಬೀದಿ. ಗಂಡಸರು ಮತ್ತು ಮಕ್ಕಳು ನೀರಿಗೆ ಇಳಿಯುತ್ತಾರೆ. ದಡದಲ್ಲಿ ಚಪ್ಪಲಿಗಳ ರಾಶಿ, ಕೈಚೀಲಗಳು, ಮೊಬೈಲುಗಳು, ಬದಲಿ ಬಟ್ಟೆಗಳ ಗಂಟು. ಅವುಗಳ ನಡುವೆ ಬಿಸಿಲಿನಲ್ಲಿ ತಾಯಂದಿರು. ಅವರು ಸಮುದ್ರವನ್ನು ನೋಡುತ್ತಿರುವುದಿಲ್ಲ, ನೀರಿನಲ್ಲಿರುವ ಮಕ್ಕಳ ತಲೆಗಳನ್ನು ಎಣಿಸುತ್ತಿರುತ್ತಾರೆ. ಮರುದಿನ ನಸುಕಿನಲ್ಲಿ ಊರು ಸೇರಿದಾಗ ಎಲ್ಲರಿಗಿಂತ ಹೆಚ್ಚು ದಣಿದವರು ಅವರೇ. ಆದರೂ ಮನೆಯ ಒಲೆ ಹೊತ್ತಿಸುವವರೂ ಅವರೇ.

ಆದ್ದರಿಂದ ಕೆಲವು ವರ್ಷಗಳಿಂದ ಸಮುದ್ರದ ಮಾತು ಬಂದಾಗಲೆಲ್ಲ ನಾನು ನವಿಲುತೀರ್ಥದ ಹೆಸರು ಹೇಳುತ್ತಿದ್ದೇನೆ. ಮೊದಲು ಎಲ್ಲರೂ ನಗುತ್ತಾರೆ. "ಅಲ್ಲಿ ಏನೈತಿ ಫಾದರ್, ಬರೇ ಡ್ಯಾಮು!" ಎನ್ನುತ್ತಾರೆ. ಅಲ್ಲಿ ಬೇರೇನೂ ಇಲ್ಲದಿರುವುದೇ ನನಗೆ ಇಷ್ಟ.

ಧಾರವಾಡದಿಂದ ಸವದತ್ತಿಗೆ ಸುಮಾರು 40 ಕಿಲೋಮೀಟರು. ಅಲ್ಲಿಂದ ಮುನವಳ್ಳಿಯ ದಿಕ್ಕಿಗೆ ಹೊರಟರೆ ಹತ್ತು ಕಿಲೋಮೀಟರಿನೊಳಗೆ ನವಿಲುತೀರ್ಥ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿಯ ಬಳಿ ಹೆದ್ದಾರಿಯನ್ನು ದಾಟಿ, ಕಪ್ಪು ನೆಲದ ನಡುವೆ ಯಾವ ಆತುರವೂ ಇಲ್ಲದೆ ಬರುವ ಮಲಪ್ರಭೆ ಇಲ್ಲಿ ಒಮ್ಮೆಲೆ ಗುಡ್ಡದ ಸಾಲನ್ನು ಸೀಳಿಕೊಂಡು ಒಂದು ಕಿರಿದಾದ ಕಣಿವೆಯೊಳಗೆ ನುಗ್ಗುತ್ತಾಳೆ. ಹಿಂದೆ ಇಲ್ಲಿ ನವಿಲುಗಳು ಎಷ್ಟಿದ್ದವೆಂಬುದನ್ನು ಊರಿನ ಹೆಸರೇ ಹೇಳುತ್ತದೆ. ಆ ಕಣಿವೆಗೆ ಅಡ್ಡಲಾಗಿ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಸಿದ್ಧವಾಯಿತು. ಕಣಿವೆ ಅಷ್ಟು ಕಿರಿದಾದ್ದರಿಂದ ಗೋಡೆಯೂ ಚಿಕ್ಕದೇ, ಉದ್ದ ನೂರೈವತ್ತು ಮೀಟರುಗಳಷ್ಟೇ. ಆದರೆ ಅದರ ಹಿಂದೆ ನಿಲ್ಲುವ ನೀರು 37.73 ಟಿಎಂಸಿ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಆ ಜಲರಾಶಿಗೆ ಇಟ್ಟ ಹೆಸರು ರೇಣುಕಾ ಸಾಗರ. ಸಮುದ್ರ ಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೆಸರಿನಲ್ಲಿಯೇ ಸಾಗರವಿದೆಯಲ್ಲ!

ಇದು ಮಾತಿನ ಚಮತ್ಕಾರವಷ್ಟೇ ಅಲ್ಲ. ಸವದತ್ತಿ-ಮುನವಳ್ಳಿಯ ಈ ಗುಡ್ಡಗಳು ನಿಜವಾಗಿಯೂ ಒಂದು ಕಾಲದ ಕಡಲತೀರ. ಭೂವಿಜ್ಞಾನಿಗಳು ಈ ಬಂಡೆಗಳನ್ನು ಕಲಾದಗಿ ಶಿಲಾಸಮೂಹಕ್ಕೆ ಸೇರಿಸುತ್ತಾರೆ; ಅದರಲ್ಲಿ ಒಂದು ಪದರಕ್ಕೆ ನಮ್ಮ ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲೊಂದು ಆಳವಿಲ್ಲದ ಕಡಲು ಇತ್ತು. ಅದರ ಅಂಚಿನ ಮರಳು ಪದರಪದರವಾಗಿ ಕೂತು, ಮೇಲಿನ ಭಾರಕ್ಕೆ ಗಟ್ಟಿಯಾಗಿ, ಇಂದು ನಾವು ಕಾಣುವ ಬಿಳಿ-ಕೆಂಪು ಬಣ್ಣದ ಬಂಡೆಯಾಯಿತು. ಈ ಬಗೆಯ ಚಪ್ಪಟೆ ಬಂಡೆಗಳ ಮೇಲೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಿದರೆ, ಅಲ್ಲಲ್ಲಿ ಸಾಲು ಸಾಲಾದ ಸಣ್ಣ ಏರಿಳಿತಗಳು ಕಾಣಿಸುತ್ತವೆ. ಅಲೆ ಹಿಂದೆ ಸರಿದಾಗ ಒದ್ದೆ ಮರಳಿನ ಮೇಲೆ ಉಳಿಯುತ್ತದಲ್ಲ, ಅದೇ ಗುರುತು. ನಮ್ಮ ಊರಿನ ದಡದಲ್ಲಿ ಆ ಗುರುತು ಮುಂದಿನ ಅಲೆ ಬರುವವರೆಗೆ ಮಾತ್ರ ಇರುತ್ತಿತ್ತು. ಇಲ್ಲಿ ಕಲ್ಲಾಗಿ ಉಳಿದಿದೆ. ಮೊದಲ ಸಲ ಅದನ್ನು ಗುರುತಿಸಿದ ದಿನ ನಾನು ಬಂಡೆಯ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕೂತಿದ್ದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಗುರುತುಗಳನ್ನು ಹುಡುಕಲು ಹೇಳಿ. ಕಪ್ಪೆಚಿಪ್ಪು ಮಾತ್ರ ಹುಡುಕಲು ಹೇಳಬೇಡಿ. ಆ ಕಡಲು ಇದ್ದ ಕಾಲಕ್ಕೆ ಚಿಪ್ಪುಳ್ಳ ಜೀವಿಗಳು ಇನ್ನೂ ಹುಟ್ಟಿರಲಿಲ್ಲ.

ಉಳಿದಂತೆ ದಡದಲ್ಲಿ ಮಾಡಬೇಕಾದ ಮುಖ್ಯ ಕೆಲಸ ಕೂರುವುದು. ಕೇಳಲು ಸುಲಭವೆನಿಸುತ್ತದೆ, ಮಾಡಲು ಸ್ವಲ್ಪ ಅಭ್ಯಾಸ ಬೇಕು. ಮೊದಲ ಅರ್ಧ ಗಂಟೆ ಮೈ ಒಗ್ಗುವುದಿಲ್ಲ. ಕೈ ತಾನಾಗಿಯೇ ಕಿಸೆಯೊಳಗಿನ ಮೊಬೈಲಿನ ಕಡೆಗೆ ಹೋಗುತ್ತದೆ. ಮನೆಯ ಬಾಗಿಲಿಗೆ ಬೀಗ ಹಾಕಿದ್ದೇನೆಯೇ ಎಂಬ ಸಂಶಯ ಬರುತ್ತದೆ. ಅದು ಕಳೆದ ಮೇಲೆ ಕಣ್ಣು ತೆರೆಯುತ್ತದೆ. ಸೊಂಟದವರೆಗೆ ನೀರಿನಲ್ಲಿ ಮುಳುಗಿದ ಒಣ ಜಾಲಿ, ಅದರ ಮೇಲೆ ರೆಕ್ಕೆ ಹರವಿಕೊಂಡು ಒಣಗಿಸಿಕೊಳ್ಳುವ ನೀರುಕಾಗೆ, ಕೆಸರಿನಲ್ಲಿ ಒಂದೊಂದೇ ಹೆಜ್ಜೆಯಿಡುವ ಬೆಳ್ಳಕ್ಕಿ, ದೂರದಲ್ಲಿ ಬುಟ್ಟಿಯಂಥ ಹರಿಗೋಲಿನಲ್ಲಿ ಬಲೆ ಬಿಡುತ್ತಿರುವ ಗಂಡ ಹೆಂಡತಿ. ಅವರಲ್ಲಿ ಒಬ್ಬರು ಹುಟ್ಟು ಹಾಕಿದರೆ ಇನ್ನೊಬ್ಬರು ಬಲೆ ಬಿಡುತ್ತಾರೆ, ಮಾತು ಕೇಳಿಸುವುದಿಲ್ಲ. ಮಕ್ಕಳಿಗೆ ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯಲು ಕಲಿಸಬಹುದು. ಐದು ಸಲ ಕುಪ್ಪಳಿಸಿದರೆ ಆ ದಿನದ ಮಟ್ಟಿಗೆ ಅವರು ರಾಜರು. ನೀರು ಹರಡಿರುವುದು ಪಡುವಣದ ಕಡೆಗೆ. ಆದ್ದರಿಂದ ಸವದತ್ತಿಯ ಮಗ್ಗುಲಿನ ದಡದಲ್ಲಿ ಕೂತವರಿಗೆ ಸೂರ್ಯ ನೀರಿನಲ್ಲಿಯೇ ಮುಳುಗುತ್ತಾನೆ. ಅದನ್ನು ನೋಡಲು ಗೋವೆಗೆ ಹೋಗಬೇಕಾಗಿಲ್ಲ.

ಒಂದು ವ್ಯತ್ಯಾಸವಿದೆ. ಸಮುದ್ರದ ದಡ ಇದ್ದಲ್ಲಿಯೇ ಇರುತ್ತದೆ, ಇಲ್ಲಿಯ ದಡ ನಡೆದಾಡುತ್ತದೆ. ಜಲಾಶಯ ಭರ್ತಿಯಾದಾಗ ನೀರು ಸಮುದ್ರಮಟ್ಟದಿಂದ 2,079.50 ಅಡಿ ಎತ್ತರದಲ್ಲಿರುತ್ತದೆ. ಈ ಭಾಗದ ರೈತರಿಗೆ ಈ ಅಂಕಿ ಬಾಯಿಪಾಠ. ಮಳೆಗಾಲ ಮುಗಿದಾಗ ರಸ್ತೆಯ ಸಮೀಪದವರೆಗೆ ಬಂದಿದ್ದ ನೀರು ಮೇ ತಿಂಗಳಿಗೆ ಬಹುದೂರ ಸರಿದಿರುತ್ತದೆ. ನಡುವೆ ಬಿರುಕುಬಿಟ್ಟ ಕೆಸರು, ಹಳೆಯ ಹೊಲಗಳ ಬದುವಿನ ಗುರುತು, ಯಾರದೋ ಮನೆಯ ಬುನಾದಿಯಂತೆ ಕಾಣುವ ಕಲ್ಲುಗಳ ಸಾಲು. ಈ ಸಾಗರದ ಅಡಿಯಲ್ಲಿ ಊರುಗಳಿದ್ದವೆಂಬುದನ್ನು ಆಗ ಮರೆಯಲಾಗುವುದಿಲ್ಲ. ಕಡಲ ನೀರಿಗೆ ಯಾರೂ ಬೆಲೆ ತೆತ್ತಿಲ್ಲ, ಈ ನೀರಿಗೆ ತೆತ್ತವರಿದ್ದಾರೆ.

ಹಾಗೆ ತೆತ್ತವರು ಮುಳುಗಡೆಯ ಊರಿನವರು ಮಾತ್ರವೇ ಅಲ್ಲ. ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಮತ್ತು ನೀರಿನ ಕರದ ಹೊರೆ ಬಂದಿತೆಂದು ನರಗುಂದ-ನವಲಗುಂದದ ರೈತರು ಎದ್ದು ನಿಂತರು. 1980ರ ಜುಲೈ 21ರಂದು ಗೋಲಿಬಾರು ನಡೆದು ರೈತರು ಸತ್ತರು. ಇಂದಿಗೂ ಆ ದಿನವನ್ನು ಹುತಾತ್ಮರ ದಿನವೆಂದು ಅಲ್ಲಿ ಆಚರಿಸುತ್ತಾರೆ. ಆಮೇಲೆ ಜಲಾಶಯ ತುಂಬದ ವರ್ಷಗಳೇ ಹೆಚ್ಚಾದವು. ಮಹಾದಾಯಿಯ ಕಳಸಾ-ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತರಬೇಕೆಂದು 2015ರಲ್ಲಿ ಆರಂಭವಾದ ನರಗುಂದದ ಧರಣಿ ವರ್ಷಗಟ್ಟಲೆ ನಡೆಯಿತು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಆ ಎರಡು ಹಳ್ಳಗಳಿಂದ 3.9 ಟಿಎಂಸಿ ನೀರನ್ನು ಹಂಚಿಕೆ ಮಾಡಿತು. ಮರುವರ್ಷ, 2019ರ ಆಗಸ್ಟಿನಲ್ಲಿ, ಯಾರೂ ಬೇಡದಷ್ಟು ನೀರು ಬಂದು ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ನುಗ್ಗಿತು. ವಿಹಾರಕ್ಕೆ ಹೋಗುವವರಿಗೆ ಇದೆಲ್ಲ ಏಕೆಂದು ನೀವು ಕೇಳಬಹುದು. ನಾವು ಈ ನೀರಿನ ಮಗ್ಗುಲಲ್ಲಿ ಒಂದು ಸಂಜೆ ಸುಖವಾಗಿ ಕೂರುತ್ತೇವೆ. ಇದೇ ನೀರಿಗಾಗಿ ಚಪ್ಪರದಡಿ ಕೂತವರೂ ನಮ್ಮ ನೆರೆಹೊರೆಯವರೇ. ಅವರನ್ನು ನೆನೆದುಕೊಂಡರೆ ನೀರಿಗೆ ಪ್ಲಾಸ್ಟಿಕ್ ಎಸೆಯಲು ಕೈ ಬರುವುದಿಲ್ಲ.

ಕೂತು ಬೇಸರವಾಯಿತೆನ್ನುವವರಿಗೆ ಸುತ್ತಮುತ್ತ ನೋಡುವಂಥದ್ದು ಬೇಕಾದಷ್ಟಿದೆ. ಸವದತ್ತಿ ಹಿಂದೆ ಸುಗಂಧವರ್ತಿಯಾಗಿ ರಟ್ಟರಿಗೆ ರಾಜಧಾನಿಯಾಗಿತ್ತು. ಅಲ್ಲಿ 18ನೆಯ ಶತಮಾನದ ದೇಸಾಯರ ಕೋಟೆ ಇದೆ. ಹೂಲಿಯಲ್ಲಿ ಪಂಚಲಿಂಗೇಶ್ವರನ ಹಳೆಯ ಗುಡಿ, ಬೈಲಹೊಂಗಲದ ಕಡೆ ಹೋದರೆ ಸೊಗಲದ ಜಲಪಾತ, ಇನ್ನೂ ಮುಂದಕ್ಕೆ ಕಿತ್ತೂರಿನ ಕೋಟೆ. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸಲು ಹೊರಟರೆ ಅದು ಮತ್ತೆ ಗೋವೆಯ ಪ್ರಯಾಣವೇ ಆಗುತ್ತದೆ. ಒಂದನ್ನು ಆರಿಸಿಕೊಳ್ಳಿ, ಉಳಿದವು ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಊಟ. ಉತ್ತರ ಕರ್ನಾಟಕದವರಿಗೆ ಹೊರಗೆ ಹೋಗಿ ಉಣ್ಣುವುದನ್ನು ಯಾರೂ ಕಲಿಸಬೇಕಾಗಿಲ್ಲ. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಿ, ಹೊಲದ ಬದುವಿನಲ್ಲಿ ಬಂಧುಬಳಗವೆಲ್ಲ ವೃತ್ತಾಕಾರವಾಗಿ ಕೂತು ಉಣ್ಣುವ ಸೊಗಸನ್ನು ನಾನು ಇಲ್ಲಿಗೆ ಬಂದ ಮೇಲೆಯೇ ಕಂಡದ್ದು. ಸಜ್ಜೆಯ ರೊಟ್ಟಿ, ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ನವಿಲುತೀರ್ಥದ ದಡದಲ್ಲಿಯೂ ನಮ್ಮ ಕುಟುಂಬಗಳು ಅದೇ ಬುತ್ತಿ ಬಿಚ್ಚುತ್ತವೆ. ಗಾಳಿಗೆ ರೊಟ್ಟಿಯ ವಾಸನೆ ಹರಡುತ್ತದೆ. ಸಂತೋಷವೇ. ಆದರೆ ಆ ಬುತ್ತಿ ಹೇಗೆ ಸಿದ್ಧವಾಯಿತೆಂದು ಒಮ್ಮೆ ವಿಚಾರಿಸಿದೆ. ಬೆಳಗಿನ ಆರು ಗಂಟೆಗೆ ಬಸ್ಸು ಹೊರಡುವುದಿದ್ದರೆ ನಮ್ಮ ಅಕ್ಕತಂಗಿಯರು ಒಲೆ ಹೊತ್ತಿಸುವುದು ಮೂರು ಗಂಟೆಗೆ. ದಡದಲ್ಲಿ ಬಡಿಸುವವರು ಅವರೇ, ಕೊನೆಯಲ್ಲಿ ಉಣ್ಣುವವರು ಅವರೇ, ಪಾತ್ರೆ ತೊಳೆಯಲು ನೀರಿನ ಅಂಚಿಗೆ ಹೋಗುವವರೂ ಅವರೇ. ಇಡೀ ದಿನದಲ್ಲಿ ಅವರು ನೀರನ್ನು ಸಮೀಪದಿಂದ ಕಂಡದ್ದು ಆ ಪಾತ್ರೆಗಳ ಮೂಲಕವೇ.

ಹೆಣ್ಣಿಗೂ ನೀರಿನ ದಡಕ್ಕೂ ಇರುವ ನಂಟು ಯಾವಾಗಲೂ ಇಂಥದ್ದೇ. ನೀರು ತರಲು, ಬಟ್ಟೆ ಒಗೆಯಲು, ಪಾತ್ರೆ ಬೆಳಗಲು, ದನಗಳ ಮೈತೊಳೆಯಲು ಅವಳು ಹೊಳೆಗೆ ಹೋಗುತ್ತಾಳೆ. ಸುಮ್ಮನೆ ಕೂರಲು ಹೋದ ಹೆಂಗಸನ್ನು ನಮ್ಮ ಹಳ್ಳಿಗಳು ಅನುಮಾನದಿಂದ ನೋಡುತ್ತವೆ. ಪಂಚಮಿಯ ಜೋಕಾಲಿಯ ದಿನಗಳಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳಿಗೆ ಒಂದಿಷ್ಟು ಬಿಡುವು ಸಿಗುತ್ತದೆ. ಅದನ್ನು ಬಿಟ್ಟರೆ ವರ್ಷವೆಲ್ಲ ಅವರ ಕೈ ಖಾಲಿ ಇರುವುದಿಲ್ಲ.

ಈ ಜಲಾಶಯಕ್ಕೆ ಹೆಸರು ಕೊಟ್ಟ ರೇಣುಕೆಯ ಕಥೆಯನ್ನು ಈ ಭಾಗದಲ್ಲಿ ಬಲ್ಲದವರಿಲ್ಲ. ಜಮದಗ್ನಿ ಋಷಿಯ ಪತ್ನಿಯಾದ ರೇಣುಕೆ ಪ್ರತಿದಿನ ಮುಂಜಾನೆ ಮಲಪ್ರಭೆಯ ದಡಕ್ಕೆ ಬಂದು, ಅಲ್ಲಿಯ ಹಸಿ ಮರಳಿನಿಂದ ಹೊಸ ಕೊಡವನ್ನು ಮಾಡಿ, ಹಾವನ್ನು ಸಿಂಬೆಯಾಗಿ ತಲೆಯ ಮೇಲಿಟ್ಟು ನೀರು ಒಯ್ಯುತ್ತಿದ್ದಳಂತೆ. ಒಂದು ದಿನ ನೀರಿನಲ್ಲಿ ಗಂಧರ್ವ ದಂಪತಿಗಳು ಆಡುತ್ತಿದ್ದುದನ್ನು ಒಂದು ಗಳಿಗೆ ನಿಂತು ನೋಡಿದಳು. ಅಷ್ಟಕ್ಕೇ ಮರಳು ಕೊಡವಾಗದೆ ಉದುರಿತು. ಬರಿಗೈಯಲ್ಲಿ ಮರಳಿದ ಅವಳಿಗೆ ಗಂಡನ ಕೋಪ, ಮಗನ ಕೊಡಲಿ ಕಾದಿದ್ದವು. ಮುಂದೆ ಅವಳು ಮತ್ತೆ ಬದುಕಿದಳು, ಎಲ್ಲಮ್ಮನೆಂದು ಲಕ್ಷಾಂತರ ಜನರ ತಾಯಿಯಾದಳು ಎಂಬುದು ಭಕ್ತರ ನಂಬಿಕೆ. ಆ ನಂಬಿಕೆಯ ಒಳಗನ್ನು ವಿವರಿಸುವ ಅಧಿಕಾರ ನನ್ನದಲ್ಲ. ಆದರೂ ಮಲಪ್ರಭೆಯ ದಡದಲ್ಲಿ ಕೂತಾಗ ನನ್ನ ಮನಸ್ಸು ಹೋಗುವುದು ಆ ಒಂದು ಗಳಿಗೆಯ ಕಡೆಗೆ. ದಿನವೂ ನೀರು ಹೊರುವ ಹೆಣ್ಣೊಬ್ಬಳು ಒಂದು ದಿನ ನೀರನ್ನು ಸುಮ್ಮನೆ ನೋಡಿದ್ದಕ್ಕೆ ಎಷ್ಟು ದೊಡ್ಡ ಬೆಲೆ ತೆರಬೇಕಾಯಿತು!

ನಾವು ಕ್ರೈಸ್ತರು ಈ ವಿಷಯದಲ್ಲಿ ಬೀಗುವಂತಿಲ್ಲ. ವಿಮೋಚನಾಕಾಂಡದಲ್ಲಿ ಏಳನೆಯ ದಿನದ ವಿಶ್ರಾಂತಿಯ ಕಟ್ಟಳೆಯನ್ನು ಒಮ್ಮೆ ಗಮನವಿಟ್ಟು ಓದಿ ನೋಡಿ. ಅಂದು ಯಾರು ಯಾರು ಕೆಲಸ ಮಾಡಬಾರದೆಂಬ ಪಟ್ಟಿ ಅಲ್ಲಿದೆ. ಮಗ, ಮಗಳು, ಆಳು, ದಾಸಿ, ಮನೆಯ ಜಾನುವಾರು, ಊರಿಗೆ ಬಂದ ಪರದೇಶಿ ಎಲ್ಲರೂ ಇದ್ದಾರೆ. ಹೆಂಡತಿಯ ಹೆಸರಿಲ್ಲ. ಸೆಮಿನರಿಯ ದಿನಗಳಲ್ಲಿ ಇದನ್ನು ನಾವು ಕೇಳಿದಾಗ, "ನೀನು" ಎಂಬ ಮಾತಿನಲ್ಲಿಯೇ ಅವಳು ಸೇರಿದ್ದಾಳೆ ಎಂಬ ಉತ್ತರ ಬಂದಿತು. ಪಂಡಿತರ ಆ ಉತ್ತರ ಸರಿಯೇ ಇರಬಹುದು. ಆದರೆ ನಮ್ಮ ಮನೆಗಳಲ್ಲಿ ಅವಳು ಹಾಗೆ ಸೇರಿರುವುದು ನನಗೆ ಕಂಡಿಲ್ಲ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಗಂಡಸರು ದೇವಾಲಯದ ಅಂಗಳದಲ್ಲಿ ನಿಂತು ಹರಟುತ್ತಾರೆ. ಹೆಂಗಸರು ಬೇಗಬೇಗನೆ ಹೆಜ್ಜೆ ಹಾಕುತ್ತಾರೆ, ಏಕೆಂದರೆ ಭಾನುವಾರ ಮಾಂಸದ ಅಡುಗೆಯ ದಿನ. ಪ್ರಭುವಿನ ದಿನವೆಂದು ನಾವು ಪೀಠದಿಂದ ಸಾರುವುದು ಅವರ ಪಾಲಿಗೆ ವಾರದ ಅತಿ ಹೆಚ್ಚು ದುಡಿಮೆಯ ದಿನ.

ಕಳೆದ ವರ್ಷ ಒಂದು ಮಂಗಳವಾರ ಮಧ್ಯಾಹ್ನ ಕೆಲಸದ ನಿಮಿತ್ತ ಮುನವಳ್ಳಿಗೆ ಹೋಗಿ ಹಿಂದಿರುಗುವಾಗ ನವಿಲುತೀರ್ಥದ ಬಳಿ ಸ್ವಲ್ಪ ಹೊತ್ತು ನಿಂತೆ. ಬಂಡೆಯ ಮೇಲೆ ಎಂಟು ಹತ್ತು ಮಂದಿ ವಯಸ್ಸಾದ ಹೆಂಗಸರು ಕಾಲು ಚಾಚಿಕೊಂಡು ಕೂತಿದ್ದರು. ಇಳಕಲ್ ಸೀರೆ, ಹಣೆಯ ತುಂಬ ಭಂಡಾರ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ ಎಲ್ಲಮ್ಮನ ಗುಡ್ಡಕ್ಕೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಹೇಗೆ ಏರಿದೆಯೆಂಬುದನ್ನು ನೀವೂ ಕಂಡಿದ್ದೀರಿ. ಇವರೂ ಗದಗದ ಕಡೆಯ ಹಳ್ಳಿಯೊಂದರಿಂದ ಹಾಗೆಯೇ ಬಂದವರು. ಗುಡ್ಡದ ದರ್ಶನ ಮುಗಿಸಿ ಊರಿನ ಬಸ್ಸು ಹತ್ತುವ ಬದಲು ಇಲ್ಲಿಗೆ ಬಂದಿದ್ದರು.

"ಏನ್ ನೋಡಾಕ ಬಂದೀರಿ ಯವ್ವಾ?" ಎಂದು ಕೇಳಿದೆ.

"ಏನೂ ಇಲ್ರಿ, ನೀರ ನೋಡಾಕತ್ತೇವ್ರಿ" ಎಂದಳು ಒಬ್ಬಳು. "ಹೊಲಕ್ಕ ಈ ನೀರು ಬರ್ತೈತಿ ಅಂತ ಮದುವ್ಯಾಗಿ ಬಂದಾಗಿಂದ ಕೇಳೇನ್ರಿ. ಎಲ್ಲಿಂದ ಬರ್ತೈತಿ ಅಂತ ಇವತ್ತ ನೋಡಿದ್ನಿ."

ಪಕ್ಕದವಳು ನಕ್ಕು, "ಮನ್ಯಾಗ ಹಿಂಗ ಕಾಲ ಚಾಚಿ ಕುಂತ್ರ ಸೊಸಿ ಚಾ ಕೊಡೂದಿಲ್ರಿ!" ಎಂದಳು. ಎಲ್ಲರೂ ನಕ್ಕರು. ಅವರ ಬಳಿ ಬುತ್ತಿ ಇರಲಿಲ್ಲ. ಗುಡ್ಡದಲ್ಲಿ ಕೊಂಡ ಚುರಮುರಿ, ಬಾಳೆಹಣ್ಣು ಇದ್ದವು. ನನಗೂ ಒಂದು ಬಾಳೆಹಣ್ಣು ಕೊಟ್ಟರು. ಯಾರೂ ಏಳುವ ಆತುರದಲ್ಲಿ ಇರಲಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಮುಂದಿನದು ಇದೆಯೆಂದರು. ನೀರಿನ ದಡದಲ್ಲಿ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಊರಿನ ದೋಣಿಗೆ ಒರಗಿ ಕೂತಿರುತ್ತಿದ್ದ ಹಿರಿಯರ ಮುಖದಲ್ಲಿ ಕಾಣುತ್ತಿದ್ದ ನೆಮ್ಮದಿ ಅಂದು ಅವರ ಮುಖದಲ್ಲಿಯೂ ಕಂಡಿತು. ದಾರಿಯುದ್ದಕ್ಕೂ ನನಗೊಂದು ವಿಚಾರ ಕಾಡಿತು. ದೋಣಿಗೆ ಒರಗಿ ಕೂರುತ್ತಿದ್ದ ಆ ಹಿರಿಯರೆಲ್ಲ ಗಂಡಸರೇ. ನನ್ನ ತಾಯಿ ದಡದಲ್ಲಿ ಸುಮ್ಮನೆ ಕೂತದ್ದನ್ನು ನಾನು ನೋಡಿದ ನೆನಪಿಲ್ಲ. ಅವಳು ಮೀನಿನ ಬುಟ್ಟಿಯೊಂದಿಗೆ ಬರುತ್ತಿದ್ದಳು, ಬುಟ್ಟಿಯೊಂದಿಗೆ ಹೋಗುತ್ತಿದ್ದಳು.

ಇಂಥ ಸ್ಥಳಗಳನ್ನು 'ಅಭಿವೃದ್ಧಿ' ಮಾಡಬೇಕೆಂಬ ಕೂಗು ಆಗಾಗ ಕೇಳಿಬರುತ್ತದೆ. ಕುಳಿತುಕೊಳ್ಳಲು ನಾಲ್ಕು ನೆರಳು, ಸ್ವಚ್ಛವಾದ ಶೌಚಾಲಯ, ಕುಡಿಯುವ ನೀರು ಇವು ಖಂಡಿತ ಬೇಕು. ಹೆಂಗಸರು ಇಡೀ ದಿನ ಹೊರಗಿರಬೇಕಾದರೆ ಶೌಚಾಲಯವೇ ಮೊದಲ ಅಗತ್ಯ. ಆದರೆ ಗಿರಗಿಟ್ಟಲೆಯ ಆಟಗಳು, ಧ್ವನಿವರ್ಧಕ, ಬಣ್ಣದ ದೀಪಗಳು ಬಂದ ದಿನ ಅಲ್ಲಿ ಸುಮ್ಮನೆ ಕೂರುವುದಕ್ಕೂ ಟಿಕೆಟ್ಟು ಬರುತ್ತದೆ. ಆಮೇಲೆ ಕೊಟ್ಟ ಹಣ ವಸೂಲಾಗಲೆಂದು ಎಲ್ಲರೂ ಏನಾದರೂ ಮಾಡತೊಡಗುತ್ತಾರೆ. ಅಂಥ ಜಾಗಗಳು ಬೇರೆ ಕಡೆ ಬೇಕಾದಷ್ಟಿವೆ.

ಯುವಕರಿಗೆ ಒಂದು ಮಾತು. ಇದು ಈಜುವ ಜಾಗವಲ್ಲ. ದಡ ಮೆಲ್ಲನೆ ಇಳಿಜಾರಾಗಿ ಕಂಡರೂ ಒಂದೆರಡು ಹೆಜ್ಜೆಗೆ ಹಳೆಯ ಬಾವಿಯೋ ಕಂದಕವೋ ಎದುರಾಗಬಹುದು. ಕೆಳಗೆ ಕಾಲು ಹೂತುಹೋಗುವ ಕೆಸರಿದೆ. ಅಣೆಕಟ್ಟಿನ ಕೆಳಗಿನ ಕಣಿವೆಯಲ್ಲಂತೂ ಯಾವಾಗ ನೀರು ಬಿಡುತ್ತಾರೆಂದು ಹೇಳಲಾಗದು. ಕಾವಲಿನವರು ಬೇಡವೆಂದ ಕಡೆ ಹೋಗಬೇಡಿ. ಜಲಾಶಯಗಳ ದಡದಿಂದ ಶವ ತಂದ ಮನೆಗಳಲ್ಲಿ ಪ್ರಾರ್ಥನೆ ಮಾಡಿದ ಯಾಜಕರನ್ನು ಕೇಳಿದರೆ ನಾನು ಇಷ್ಟು ಒತ್ತಿ ಹೇಳುವುದೇಕೆಂದು ತಿಳಿಯುತ್ತದೆ. ಬಾಟಲಿಗಳನ್ನು ತರಬೇಡಿ. ತಂದವರು ಅವುಗಳನ್ನು ಬಂಡೆಗೆ ಒಡೆದು ಹೋಗುತ್ತಾರೆ, ಆ ಬಂಡೆಯ ಮೇಲೆ ಮರುದಿನ ಬರಿಗಾಲಿನ ದನಗಾಹಿ ಹುಡುಗ ನಡೆಯಬೇಕು.

ಹೋಗಲು ಒಳ್ಳೆಯ ಕಾಲವೆಂದರೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ. ನೀರು ಮೇಲಿರುತ್ತದೆ, ಬಿಸಿಲು ಮೆತ್ತಗಿರುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಯ ದಿನಗಳನ್ನು ಬಿಟ್ಟು ಹೋದರೆ ರಸ್ತೆಯಲ್ಲಿ ನೂಕುನುಗ್ಗಲು ಇರುವುದಿಲ್ಲ. ನಮ್ಮ ಧರ್ಮಕೇಂದ್ರದವರು ಈ ಬಾರಿ ಕ್ರಿಸ್ತಜಯಂತಿಯ ರಜೆಯಲ್ಲಿ ಹೊರಡುವುದೆಂದು ನಿಶ್ಚಯಿಸಿದ್ದಾರೆ. ಬುತ್ತಿ ಕಟ್ಟುವುದು, ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲವೂ ಈ ಸಲ ಗಂಡಸರದೆಂದು ಕುಟುಂಬಗಳ ಸಭೆಯಲ್ಲಿ ಒಪ್ಪಿಗೆಯಾಗಿದೆ. ಅವರಲ್ಲಿ ಯಾರಿಗೂ ರೊಟ್ಟಿ ಬಡಿಯಲು ಬರುವುದಿಲ್ಲವೆಂಬುದು ಆಮೇಲೆ ತಿಳಿದುಬಂದುದರಿಂದ ಮಧ್ಯಾಹ್ನದ ಊಟಕ್ಕೆ ಅವಲಕ್ಕಿ ಮತ್ತು ಬಾಳೆಹಣ್ಣು.